ಚೆಕ್ ಎಂಜಿನ್ ಲೈಟ್ ಬಂತಾ? ಮೆಕ್ಯಾನಿಕ್ ಓದುವ ಪುಸ್ತಕವನ್ನೇ ನೀವೂ ಓದಬಹುದು

ನಮ್ಮ ಕನ್ನಡ ಕೂಟದ ವಾಟ್ಸಾಪ್ ಗುಂಪಿನಲ್ಲಿ ತಿಂಗಳಿಗೊಮ್ಮೆಯಾದರೂ ಈ ಪ್ರಶ್ನೆ ಬಂದೇ ಬರುತ್ತದೆ. "ಚೆಕ್ ಎಂಜಿನ್ ಲೈಟ್ ಬಂದಿದೆ, ಒಳ್ಳೆ ಮೆಕ್ಯಾನಿಕ್ ಯಾರಾದ್ರೂ ಗೊತ್ತಾ?" ಕೆಳಗೆ ನಾಲ್ಕು ಫೋನ್ ನಂಬರ್ ಬರುತ್ತವೆ. ಕಾರಿಗೆ ಏನಾಗಿದೆ ಅನ್ನುವ ಮಾತು ಮಾತ್ರ ಅಲ್ಲಿ ಬರುವುದೇ ಇಲ್ಲ.

ಕಳೆದ ಸಲ ಆ ಲೈಟ್ ನನ್ನ ಕಾರಿನಲ್ಲೇ ಬಂತು. 2012ರ ಟೊಯೋಟ ಕ್ಯಾಮ್ರಿ, ನಾಲ್ಕು ಸಿಲಿಂಡರ್. ನ್ಯೂಜೆರ್ಸಿಯಲ್ಲಿ ಹಳೆ ಕಾರುಗಳಿಗೆ ಎರಡು ವರ್ಷಕ್ಕೊಮ್ಮೆ ಇನ್ಸ್‌ಪೆಕ್ಷನ್ ಇರುತ್ತದೆ, ಈ ಲೈಟ್ ಉರಿಯುತ್ತಿದ್ದರೆ ಪಾಸ್ ಮಾಡುವುದಿಲ್ಲ. ನನಗೆ ಮೂರು ವಾರ ಉಳಿದಿತ್ತು. ಒಂದು ಗ್ಯಾರೇಜಿನವರು ಕಾರಿನ ಕಂಪ್ಯೂಟರ್ ಬರೆದಿಟ್ಟ ತೊಂದರೆಯ ಕೋಡ್ ಓದಿ, "ಸೆನ್ಸರ್ ಬದಲಾಯಿಸೋಣ, ಸರಿ ಹೋಗದಿದ್ದರೆ ಇಂಜೆಕ್ಟರ್ ನೋಡೋಣ" ಅಂದರು. ಇಂಜೆಕ್ಟರ್ ಅಂದರೆ ಎಂಜಿನ್‌ಗೆ ಪೆಟ್ರೋಲ್ ಚಿಮ್ಮಿಸುವ ಭಾಗ. ಎಸ್ಟಿಮೇಟ್ ಒಂಬೈನೂರು ಡಾಲರ್ ದಾಟಿತ್ತು. ಸೆನ್ಸರೇ ಕೆಟ್ಟಿದೆ ಅಂತ ಹೇಗೆ ಗೊತ್ತಾಯ್ತು ಅಂತ ಕೇಳಿದೆ. "ಕೋಡ್ ಹಾಗೆ ಹೇಳ್ತಾ ಇದೆ" ಅಂದರು.

ಕೋಡ್ ಹಾಗೆ ಹೇಳುವುದಿಲ್ಲ. ಅದು ಏನು ಹೇಳುತ್ತದೆ, ಅದನ್ನು ನೋಡಿದ ಮೇಲೆ ಯಾವುದಾದ ಮೇಲೆ ಯಾವುದನ್ನು ಪರೀಕ್ಷೆ ಮಾಡಬೇಕು, ಇದೆಲ್ಲ ಕಾರ್ ಕಂಪನಿಯೇ ಬರೆದಿಟ್ಟಿದೆ. ಸ್ವಲ್ಪ ದುಡ್ಡು ಕೊಟ್ಟರೆ ಯಾರು ಬೇಕಾದರೂ ಓದಬಹುದು. ನಾನು ಎರಡು ದಿನದ ಸಬ್‌ಸ್ಕ್ರಿಪ್ಷನ್ ತೆಗೆದುಕೊಂಡೆ. ತೊಂದರೆ ಸಿಕ್ಕಿದ್ದು ಆ ಪಟ್ಟಿಯ ಮೊದಲ ಕೆಲವು ಹೆಜ್ಜೆಗಳಲ್ಲೇ, ಕೈಬೆರಳು ದಪ್ಪದ ಒಂದು ರಬ್ಬರ್ ಹೋಸ್‌ನಲ್ಲಿ.

ಇದು ಯಾವ ಸೈಟು?

ಮೂರು ಬೇರೆ ಬೇರೆ ವಿಷಯಗಳನ್ನು ಜನ ಕಲಸಿಬಿಡುತ್ತಾರೆ. ಅದನ್ನು ಮೊದಲು ಬಿಡಿಸೋಣ.

ಕಾರಿನ ಗ್ಲೋವ್ ಬಾಕ್ಸ್‌ನಲ್ಲಿ ಇರುತ್ತದಲ್ಲ ದಪ್ಪ ಪುಸ್ತಕ, ಅದು ಓನರ್ಸ್ ಮ್ಯಾನ್ಯುಯಲ್. ಕಾರನ್ನು ಬಳಸುವುದು ಹೇಗೆ ಅಂತ ಹೇಳುತ್ತದೆ. ಅದು ಕಂಪನಿಯ ಸೈಟಿನಲ್ಲಿ ಪುಕ್ಕಟೆ ಸಿಗುತ್ತದೆ. ಎರಡನೆಯದು ಮಾಲೀಕರ ಆ್ಯಪ್. ಸರ್ವಿಸ್ ಬುಕ್ ಮಾಡಲಿಕ್ಕೆ, ಡೀಲರ್ ಹುಡುಕಲಿಕ್ಕೆ. ನಾನು ಹೇಳುತ್ತಿರುವುದು ಮೂರನೆಯದು, ಸರ್ವಿಸ್ ಇನ್ಫರ್ಮೇಷನ್ ಸೈಟ್. ಮಿಕ್ಸಿ ಕೊಂಡಾಗ ಡಬ್ಬದಲ್ಲಿ ಬರುವ ಚೀಟಿ ಬೇರೆ, ಮಿಕ್ಸಿ ರಿಪೇರಿ ಮಾಡುವವನಿಗೆ ಬೇಕಾದ ಪುಸ್ತಕ ಬೇರೆ, ಅಲ್ವಾ? ಇದು ರಿಪೇರಿ ಮಾಡುವವನ ಪುಸ್ತಕ.

ಅಮೆರಿಕದಲ್ಲಿ ಟೊಯೋಟದ ಈ ಸೈಟಿಗೆ ಟೆಕ್ನಿಕಲ್ ಇನ್ಫರ್ಮೇಷನ್ ಸಿಸ್ಟಂ ಅಂತ ಹೆಸರು. ಮೆಕ್ಯಾನಿಕ್‌ಗಳು ಚಿಕ್ಕದಾಗಿ ಟಿಐಎಸ್ ಅನ್ನುತ್ತಾರೆ. ವಿಳಾಸ ಟೆಕ್‌ಇನ್ಫೋ ಡಾಟ್ ಟೊಯೋಟ ಡಾಟ್ ಕಾಮ್. ಲೆಕ್ಸಸ್, ಸಯಾನ್ ಕಾರುಗಳದ್ದೂ ಇದರಲ್ಲೇ ಇದೆ. ಹೋಂಡಾದವರದ್ದು ಸರ್ವಿಸ್ ಎಕ್ಸ್‌ಪ್ರೆಸ್, ಫೋರ್ಡ್‌ನವರದ್ದು ಮೋಟರ್‌ಕ್ರಾಫ್ಟ್ ಸರ್ವಿಸ್, ಫೋಕ್ಸ್‌ವ್ಯಾಗನ್‌ನವರದ್ದು ಎರ್ವಿನ್. ನಿಮ್ಮ ಕಾರಿನದ್ದು ಯಾವುದು ಅಂತ ಗೊತ್ತಾಗದಿದ್ದರೆ ನ್ಯಾಷನಲ್ ಆಟೋಮೋಟಿವ್ ಸರ್ವಿಸ್ ಟಾಸ್ಕ್ ಫೋರ್ಸ್ ಅನ್ನುವ ಸಂಸ್ಥೆಯ ಸೈಟಿಗೆ ಹೋಗಿ. ಎನ್‌ಎಎಸ್‌ಟಿಎಫ್ ಅಂತ ಹುಡುಕಿದರೆ ಸಿಗುತ್ತದೆ. ಕಂಪನಿಗಳ ಕೊಂಡಿಗಳು ಅಲ್ಲಿ ಒಂದೇ ಪಟ್ಟಿಯಲ್ಲಿವೆ. ಗೂಗಲ್‌ನಲ್ಲಿ ಸುಮ್ನೆ ಹುಡುಕಿದರೆ ಕದ್ದ ಪಿಡಿಎಫ್ ಮಾರುವ ಸೈಟುಗಳೂ ಬರುತ್ತವೆ, ಅವುಗಳ ಹತ್ತಿರ ಹೋಗಬೇಡಿ.

ಕಂಪನಿ ತನ್ನ ಪುಸ್ತಕವನ್ನು ನಮಗೇಕೆ ತೋರಿಸುತ್ತದೆ?

ಕಾನೂನು ಇದೆ, ಅದಕ್ಕೆ. ಇದರ ಬೇರು ಹೊಗೆಯಲ್ಲಿದೆ.

1990ರಲ್ಲಿ ಅಮೆರಿಕದ ಕ್ಲೀನ್ ಏರ್ ಕಾಯ್ದೆಗೆ ತಿದ್ದುಪಡಿ ಬಂತು. ಹೊಗೆ ಕಡಿಮೆ ಮಾಡುವ ಭಾಗಗಳು ಸರಿಯಾಗಿ ಕೆಲಸ ಮಾಡುತ್ತಿವೆಯೇ ಅಂತ ಕಾರು ತನ್ನನ್ನು ತಾನೇ ನೋಡಿಕೊಳ್ಳಬೇಕು, ತೊಂದರೆ ಇದ್ದರೆ ಲೈಟ್ ಹಾಕಬೇಕು, ಅದನ್ನು ರಿಪೇರಿ ಮಾಡುವ ಮಾಹಿತಿ ಹೊರಗಿನ ಮೆಕ್ಯಾನಿಕ್‌ಗೂ ಸಿಗಬೇಕು ಅಂತ ಬರೆದರು. 1996ರ ಮಾಡೆಲ್‌ನಿಂದ ಅಲ್ಲಿ ಮಾರುವ ಎಲ್ಲ ಕಾರುಗಳಲ್ಲೂ ಒಂದೇ ಆಕಾರದ ಪ್ಲಗ್ ಬಂತು. ಸ್ಟೇರಿಂಗ್ ಕೆಳಗೆ ಕೈ ಹಾಕಿ ನೋಡಿ, 16 ಪಿನ್ನಿನದು ಸಿಗುತ್ತದೆ. ಅದೇ ಓಬಿಡಿ-2. ಆಮೇಲೆ 2003ರಲ್ಲಿ ಪರಿಸರ ಇಲಾಖೆ ಇಪಿಎ, ಹೊಗೆಗೆ ಸಂಬಂಧಪಟ್ಟ ಸರ್ವಿಸ್ ಮಾಹಿತಿಯನ್ನು ವೆಬ್‌ಸೈಟಿನಲ್ಲೇ ಕೊಡಬೇಕು ಅಂತ ನಿಯಮ ಮಾಡಿತು.

ಹೊಗೆ ಬಿಟ್ಟು ಉಳಿದ ಭಾಗಗಳು? ಬ್ರೇಕು, ಏಸಿ, ಪವರ್ ವಿಂಡೋ? ಅದಕ್ಕೆ ದಾರಿ ಮಾಡಿಕೊಟ್ಟಿದ್ದು ಮ್ಯಾಸಚೂಸೆಟ್ಸ್ ರಾಜ್ಯ. 2012ರ ನವೆಂಬರ್‌ನಲ್ಲಿ ಅಲ್ಲಿ ಈ ಪ್ರಶ್ನೆಯನ್ನು ನೇರವಾಗಿ ಜನರ ಮತಕ್ಕೆ ಹಾಕಿದರು. ನೂರಕ್ಕೆ ಸುಮಾರು 86 ಜನ ಹೌದು ಅಂದರು. ಡೀಲರಿಗೆ ಸಿಗುವ ರಿಪೇರಿ ಮಾಹಿತಿ ಕಾರಿನ ಮಾಲೀಕನಿಗೂ ಹೊರಗಿನ ಗ್ಯಾರೇಜಿಗೂ ನ್ಯಾಯವಾದ ಬೆಲೆಗೆ ಸಿಗಬೇಕು ಅನ್ನುವುದು ಅದರ ತಿರುಳು. ಒಂದೊಂದು ರಾಜ್ಯಕ್ಕೆ ಒಂದೊಂದು ಕಾನೂನು ಬಂದರೆ ಕಷ್ಟ ಅಂತ, 2014ರ ಜನವರಿಯಲ್ಲಿ ಕಾರ್ ಕಂಪನಿಗಳ ಸಂಘಗಳು ಇಡೀ ದೇಶಕ್ಕೆ ಅದೇ ತರಹದ ಒಪ್ಪಂದಕ್ಕೆ ಸಹಿ ಹಾಕಿದವು.

ಯುರೋಪಿನಲ್ಲೂ ಯುರೋ 5, ಯುರೋ 6 ಅನ್ನುವ ಹೊಗೆ ನಿಯಮಗಳ ಜೊತೆಗೇ ಇಂಥದ್ದೊಂದು ಕಟ್ಟಳೆ ಬಂದಿದೆ. ಹಾಗಾಗಿ ಜರ್ಮನಿಯಲ್ಲಿ, ಐರ್ಲೆಂಡ್‌ನಲ್ಲಿ ಇರುವ ಕನ್ನಡಿಗರಿಗೂ ಈ ದಾರಿ ತೆರೆದಿದೆ. ಅಲ್ಲಿ ಕೆಲವು ಸೈಟುಗಳು ಗಂಟೆ ಲೆಕ್ಕದಲ್ಲೂ ಸಿಗುತ್ತವೆ.

ದುಡ್ಡು ಕಟ್ಟುವ ಮೊದಲೇ ಮಾಡಬೇಕಾದ ಕೆಲಸ

ಇಲ್ಲೇ ಜನ ಎಡವುವುದು. ಲೈಟ್ ಬಂದ ಗಾಬರಿಯಲ್ಲಿ ರಾತ್ರಿ ಹನ್ನೊಂದಕ್ಕೆ ಕಾರ್ಡ್ ಹಾಕಿ ಸಬ್‌ಸ್ಕ್ರಿಪ್ಷನ್ ಕೊಳ್ಳುತ್ತಾರೆ. ಗಡಿಯಾರ ಆಗಲೇ ಓಡಲು ಶುರು. ಏನು ಹುಡುಕಬೇಕು ಅಂತ ಗೊತ್ತಾಗುವಷ್ಟರಲ್ಲಿ ಒಂದು ದಿನ ಹೋಗಿರುತ್ತದೆ. ಅದಕ್ಕೇ ಮೊದಲು ಮೂರು ವಿಷಯ ಒಂದು ಹಾಳೆಯ ಮೇಲೆ ಬರೆದಿಟ್ಟುಕೊಳ್ಳಿ.

ಮೊದಲನೆಯದು ವಿನ್, ಅಂದರೆ ಕಾರಿನ 17 ಅಕ್ಷರ-ಅಂಕಿಗಳ ಗುರುತು. ವಿಂಡ್‌ಶೀಲ್ಡಿನ ಕೆಳಗೆ ಡ್ರೈವರ್ ಕಡೆ ಮೂಲೆಯಲ್ಲಿ ಹೊರಗಿಂದಲೇ ಕಾಣುತ್ತದೆ. ಊರಿನ ಜಮೀನಿಗೆ ಸರ್ವೆ ನಂಬರ್ ಇದ್ದ ಹಾಗೆ ಇದು. "ಕೆರೆ ಪಕ್ಕದ ಗದ್ದೆ" ಅಂದರೆ ನಾಲ್ಕು ಗದ್ದೆ ಇರಬಹುದು, ಸರ್ವೆ ನಂಬರ್ ಹೇಳಿದರೆ ಒಂದೇ. ಹಾಗೆಯೇ "2012 ಕ್ಯಾಮ್ರಿ" ಅಂದರೆ ನಾಲ್ಕು ಸಿಲಿಂಡರ್, ಆರು ಸಿಲಿಂಡರ್, ಹೈಬ್ರಿಡ್ ಮೂರೂ ಬರುತ್ತವೆ. ಮೂರರ ಪುಟಗಳೂ ಬೇರೆ ಬೇರೆ. ವಿನ್‌ನ ಹತ್ತನೇ ಜಾಗದಲ್ಲಿರುವುದು ಮಾಡೆಲ್ ವರ್ಷ. ನನ್ನದರಲ್ಲಿ ಸಿ ಅಂತಿದೆ, ಅಂದರೆ 2012. ಐ, ಓ, ಕ್ಯೂ ಅಕ್ಷರಗಳನ್ನು ವಿನ್‌ನಲ್ಲಿ ಬಳಸುವುದೇ ಇಲ್ಲ. ಒಂದು, ಸೊನ್ನೆಗಳ ಜೊತೆ ಗೊಂದಲ ಆಗುತ್ತದೆ ಅಂತ. ನಿಮಗೆ ಓ ಕಂಡರೆ ಅದು ಸೊನ್ನೆ.

ಎರಡನೆಯದು ಕಾರು ತಯಾರಾದ ತಿಂಗಳು. ಡ್ರೈವರ್ ಬಾಗಿಲು ತೆಗೆದರೆ ಕಂಬದ ಮೇಲೆ ಒಂದು ಸ್ಟಿಕ್ಕರ್ ಇರುತ್ತದೆ, ಅದರಲ್ಲಿ ತಿಂಗಳು ಮತ್ತು ವರ್ಷ ಇರುತ್ತದೆ. ಇದು ಯಾಕೆ ಬೇಕು ಅಂದರೆ, ಕಂಪನಿಗಳು ಮಾಡೆಲ್ ವರ್ಷದ ಮಧ್ಯದಲ್ಲೂ ಭಾಗಗಳನ್ನು ಬದಲಾಯಿಸುತ್ತವೆ. ಸೈಟಿನಲ್ಲಿ ಕೆಲವು ಪುಟಗಳ ಪಕ್ಕ "ಇಂಥ ತಿಂಗಳಿಂದ ಇಂಥ ತಿಂಗಳವರೆಗೆ" ಅಂತ ಇರುತ್ತದೆ. ಆಗ ಈ ಸ್ಟಿಕ್ಕರ್ ನೋಡದೆ ದಾರಿಯಿಲ್ಲ.

ಮೂರನೆಯದು ಕೋಡ್. ಲೈಟ್ ಬಂದಾಗ ಕಾರಿನ ಕಂಪ್ಯೂಟರ್ ಒಂದು ಅಕ್ಷರ ಮತ್ತು ನಾಲ್ಕು ಅಂಕಿಯ ಕೋಡ್ ಬರೆದಿಟ್ಟುಕೊಳ್ಳುತ್ತದೆ. ನನ್ನದು ಪಿ0171. ಓಬಿಡಿ ರೀಡರ್ ಅಂತ ಚಿಕ್ಕ ಸಾಧನ ಅಗ್ಗಕ್ಕೆ ಸಿಗುತ್ತದೆ, ಅದನ್ನು ಆ 16 ಪಿನ್ನಿನ ಪ್ಲಗ್‌ಗೆ ಸಿಕ್ಕಿಸಿದರೆ ಫೋನಿನಲ್ಲೇ ಕೋಡ್ ಕಾಣುತ್ತದೆ. ಹಲವು ಆಟೋ ಪಾರ್ಟ್ಸ್ ಅಂಗಡಿಗಳಲ್ಲಿ ಪುಕ್ಕಟೆ ಓದಿಕೊಡುತ್ತಾರೆ. ಒಂದು ಮಾತು ನೆನಪಿಡಿ: ಕೋಡ್ ಬರೆದುಕೊಳ್ಳುವ ಮೊದಲು ಅಳಿಸಬೇಡಿ. ಕೋಡ್ ಜೊತೆ ಫ್ರೀಜ್ ಫ್ರೇಮ್ ಅಂತ ಒಂದು ದಾಖಲೆ ಇರುತ್ತದೆ. ತೊಂದರೆ ಕಂಡ ಆ ಕ್ಷಣದಲ್ಲಿ ಕಾರು ಎಷ್ಟು ಸ್ಪೀಡಿನಲ್ಲಿತ್ತು, ಎಂಜಿನ್ ಎಷ್ಟು ಬಿಸಿಯಿತ್ತು, ಎಲ್ಲ ಅದರಲ್ಲಿರುತ್ತದೆ. ಅಳಿಸಿದರೆ ಅದೂ ಹೋಗುತ್ತದೆ. ಪರದೆಯ ಫೋಟೋ ತೆಗೆದಿಟ್ಟುಕೊಳ್ಳಿ.

ಯಾವ ಸಬ್‌ಸ್ಕ್ರಿಪ್ಷನ್?

ಟೊಯೋಟ ಸೈಟಿನಲ್ಲಿ ಮೂರು ದರ್ಜೆ ಇವೆ. ಸ್ಟ್ಯಾಂಡರ್ಡ್, ಪ್ರೊಫೆಷನಲ್ ಡಯಾಗ್ನೋಸ್ಟಿಕ್, ಸೆಕ್ಯುರಿಟಿ ಪ್ರೊಫೆಷನಲ್. ಅವಧಿಯಲ್ಲೂ ಮೂರು: ಎರಡು ದಿನ, ಒಂದು ತಿಂಗಳು, ಒಂದು ವರ್ಷ.

ಮನೆಯ ಕಾರಿಗೆ ಸ್ಟ್ಯಾಂಡರ್ಡ್, ಎರಡು ದಿನ ಸಾಕು. ಮ್ಯಾನ್ಯುಯಲ್, ವೈರಿಂಗ್, ಬುಲೆಟಿನ್ ಎಲ್ಲ ಅದರಲ್ಲೇ ಬರುತ್ತದೆ. ಎರಡನೇ ದರ್ಜೆ ಕಂಪನಿಯ ಸ್ಕ್ಯಾನ್ ಸಾಫ್ಟ್‌ವೇರ್ ಬಳಸುವ ಗ್ಯಾರೇಜುಗಳಿಗೆ. ಮೂರನೆಯದು ಕೀ ಮತ್ತು ಇಮೊಬಿಲೈಸರ್ (ಸರಿಯಾದ ಕೀ ಇಲ್ಲದೆ ಕಾರು ಸ್ಟಾರ್ಟ್ ಆಗದ ಹಾಗೆ ತಡೆಯುವ ವ್ಯವಸ್ಥೆ) ಕೆಲಸ ಮಾಡುವವರಿಗೆ. ಅದನ್ನು ಯಾರಿಗೆಂದರೆ ಅವರಿಗೆ ಕೊಡುವುದಿಲ್ಲ, ಎನ್‌ಎಎಸ್‌ಟಿಎಫ್‌ನಲ್ಲಿ ಹೆಸರು ನೋಂದಾಯಿಸಿಕೊಂಡ ಕೆಲಸಗಾರರಿಗೆ ಮಾತ್ರ. ಹೊಸ ಕೀ ಮಾಡುವ ಕೋಡ್ ಕಳ್ಳನ ಕೈಗೆ ಸಿಗಬಾರದಲ್ಲ. ದರ ಆಗಾಗ ಬದಲಾಗುತ್ತದೆ, ಕಾರ್ಡ್ ಹಾಕುವ ಮೊದಲು ಸೈಟಿನಲ್ಲೇ ನೋಡಿಕೊಳ್ಳಿ.

ಶನಿವಾರ ಬೆಳಿಗ್ಗೆ ಕೊಳ್ಳುವುದು ಒಳ್ಳೆಯದು. ಹಿಂದಿನ ದಿನವೇ ಹಾಳೆ ಸಿದ್ಧವಿರಲಿ. ಫೋನಿನಲ್ಲಿ ಓದಲು ಹೋಗಬೇಡಿ, ಚಿತ್ರಗಳು ದೊಡ್ಡವು, ಪುಟಗಳು ಹೊಸ ಕಿಟಕಿಯಲ್ಲಿ ತೆರೆಯುತ್ತವೆ. ಲ್ಯಾಪ್‌ಟಾಪ್ ಬೇಕು, ಬ್ರೌಸರಿನ ಪಾಪ್-ಅಪ್ ತಡೆಯನ್ನು ಆ ಸೈಟಿಗೆ ಸಡಿಲಿಸಬೇಕು.

ಒಳಗೆ ಹೋದ ಮೇಲೆ

ಮೊದಲು ವಿನ್ ಹಾಕಿ, ಇಲ್ಲ ಮಾಡೆಲ್ ಮತ್ತು ವರ್ಷ ಆರಿಸಿ. ಒಂದೇ ಕಪಾಟಿನಲ್ಲಿ ಹಲವು ಪುಸ್ತಕ ಇಟ್ಟ ಹಾಗೆ ಕಾಣುತ್ತದೆ. ರಿಪೇರಿ ಮ್ಯಾನ್ಯುಯಲ್ ಎಲ್ಲಕ್ಕಿಂತ ದೊಡ್ಡದು, ನಿಮ್ಮ ಮುಕ್ಕಾಲು ಕೆಲಸ ಅಲ್ಲೇ. ಎಲೆಕ್ಟ್ರಿಕಲ್ ವೈರಿಂಗ್ ಡಯಾಗ್ರಂ ಅನ್ನುವುದರಲ್ಲಿ ತಂತಿಗಳ ನಕ್ಷೆ. ನ್ಯೂ ಕಾರ್ ಫೀಚರ್ಸ್ ಅನ್ನುವುದನ್ನು ಯಾರೂ ತೆರೆಯುವುದಿಲ್ಲ, ಆದರೆ ನನಗೆ ಬಹಳ ಇಷ್ಟವಾಗಿದ್ದು ಅದೇ. ಒಂದು ಭಾಗ ಹೇಗೆ ಕೆಲಸ ಮಾಡುತ್ತದೆ ಅಂತ ಚಿತ್ರ ಸಮೇತ, ಪಾಠ ಹೇಳುವ ಹಾಗೆ ಬರೆದಿರುತ್ತಾರೆ. ಆಮೇಲೆ ಸರ್ವಿಸ್ ಬುಲೆಟಿನ್‌ಗಳು. ಅಪಘಾತವಾದ ಬಾಡಿ ರಿಪೇರಿಗೆ ಬೇರೆಯೇ ಪುಸ್ತಕ ಇದೆ.

ಹುಡುಕುವ ಡಬ್ಬದಲ್ಲಿ "ಕಾರು ನಡುಗುತ್ತದೆ" ಅಂತ ನಮ್ಮ ಮಾತಿನಲ್ಲಿ ಹುಡುಕಿದರೆ ಏನೂ ಸಿಗುವುದಿಲ್ಲ. ಕೋಡ್ ಹಾಕಿ, ಇಲ್ಲವೇ ಭಾಗಕ್ಕೆ ಕಂಪನಿ ಇಟ್ಟ ಹೆಸರು ಹಾಕಿ. ಕೋಡ್ ಇಲ್ಲದ ತೊಂದರೆಗೆ, ಅಂದರೆ ಸದ್ದು, ನಡುಕ, ಏಸಿ ತಣ್ಣಗಾಗದಿರುವುದು ಇಂಥದ್ದಕ್ಕೆ, ಪ್ರತಿ ವಿಭಾಗದಲ್ಲೂ ಪ್ರಾಬ್ಲಂ ಸಿಂಪ್ಟಮ್ಸ್ ಟೇಬಲ್ ಅಂತ ಒಂದು ಪಟ್ಟಿ ಇರುತ್ತದೆ. ಎಡಗಡೆ ಲಕ್ಷಣ, ಬಲಗಡೆ ಅನುಮಾನ ಪಡಬೇಕಾದ ಭಾಗಗಳು.

ಕೋಡ್ ಪುಟವನ್ನು ಓದುವ ಬಗೆ

ಪಿ0171ರ ಪುಟವನ್ನೇ ತೆಗೆದುಕೊಳ್ಳೋಣ. ಕೋಡ್‌ನ ಅರ್ಥ, "ಮಿಶ್ರಣ ತೆಳುವಾಗಿದೆ". ಅಷ್ಟೇ.

ಎಂಜಿನ್ ಒಳಗೆ ಪೆಟ್ರೋಲ್ ಮತ್ತು ಗಾಳಿ ಬೆರೆತು ಉರಿಯಬೇಕು. 1 ಕೆಜಿ ಪೆಟ್ರೋಲ್‌ಗೆ ಸುಮಾರು 14.7 ಕೆಜಿ ಗಾಳಿ, ಅದು ಹದ. ಅನ್ನಕ್ಕೆ ಇಡುವಾಗ ಒಂದು ಲೋಟ ಅಕ್ಕಿಗೆ ಎರಡು ಲೋಟ ನೀರು ಅನ್ನುತ್ತೇವಲ್ಲ, ಹಾಗೆ. ಒಳಗೆ ಬರುವ ಗಾಳಿಯನ್ನು ಒಂದು ಸೆನ್ಸರ್ ಅಳೆಯುತ್ತದೆ, ಅದಕ್ಕೆ ತಕ್ಕಷ್ಟು ಪೆಟ್ರೋಲನ್ನು ಕಂಪ್ಯೂಟರ್ ಬಿಡುತ್ತದೆ. ಹೊರಗೆ ಹೋಗುವ ಹೊಗೆಯನ್ನು ಇನ್ನೊಂದು ಸೆನ್ಸರ್ ನೋಡಿ, ಹದ ಸರಿಯಿತ್ತೇ ಅಂತ ಹೇಳುತ್ತದೆ. ಗಾಳಿ ಜಾಸ್ತಿ ಆಗಿದ್ದರೆ ಕಂಪ್ಯೂಟರ್ ಇನ್ನಷ್ಟು ಪೆಟ್ರೋಲ್ ಬಿಡುತ್ತದೆ. ಎಷ್ಟು ಬಿಟ್ಟರೂ ಹದಕ್ಕೆ ಬರುತ್ತಿಲ್ಲ ಅಂದಾಗ ಪಿ0171 ಬರೆಯುತ್ತದೆ. ಒಂದೇ ಸಲ ಕಂಡರೆ ಲೈಟ್ ಹಾಕುವುದಿಲ್ಲ, ಎರಡು ಓಡಾಟದಲ್ಲಿ ಕಂಡರೆ ಮಾತ್ರ.

ನೋಡಿ, ಈ ಕೋಡ್‌ನಲ್ಲಿ ಎಲ್ಲಿಯೂ "ಸೆನ್ಸರ್ ಕೆಟ್ಟಿದೆ" ಅಂತ ಇಲ್ಲ. ಹೊಗೆ ನೋಡುವ ಸೆನ್ಸರ್ ತನ್ನ ಕೆಲಸ ಸರಿಯಾಗಿ ಮಾಡಿದ್ದಕ್ಕೇ ಈ ಕೋಡ್ ಬಂದಿರಬಹುದು! ಜ್ವರ ಬಂದಿದೆ ಅಂತ ತೋರಿಸಿದ್ದಕ್ಕೆ ಥರ್ಮಾಮೀಟರ್ ಬದಲಾಯಿಸಿದರೆ ಜ್ವರ ಹೋಗುತ್ತದೆಯೇ?

ಪುಟದಲ್ಲಿ ಮುಂದೆ "ಟ್ರಬಲ್ ಏರಿಯಾ" ಅಂತ ಒಂದು ಪಟ್ಟಿ. ಗಾಳಿ ಬರುವ ದಾರಿ, ಇಂಜೆಕ್ಟರ್, ಗಾಳಿ ಅಳೆಯುವ ಸೆನ್ಸರ್, ಪೆಟ್ರೋಲ್ ಒತ್ತಡ, ಹೊಗೆ ಕೊಳವೆಯಲ್ಲಿ ಸೋರಿಕೆ, ಪಿಸಿವಿ ವಾಲ್ವ್ ಮತ್ತು ಹೋಸ್, ಹೊಗೆ ನೋಡುವ ಸೆನ್ಸರ್, ಕೊನೆಗೆ ಕಂಪ್ಯೂಟರ್. ಇಷ್ಟು ಓದಿ ನಿಲ್ಲಿಸುವವರು ಬಹಳ. ಪಟ್ಟಿಯಲ್ಲಿ ಒಂದನ್ನು ಆರಿಸಿ ಬದಲಾಯಿಸಿಬಿಡುತ್ತಾರೆ. ಅದು ಅನುಮಾನಿತರ ಪಟ್ಟಿ, ತೀರ್ಪಲ್ಲ.

ತೀರ್ಪಿನ ದಾರಿ ಅದರ ಕೆಳಗಿದೆ. ಇನ್‌ಸ್ಪೆಕ್ಷನ್ ಪ್ರೊಸೀಜರ್ ಅಂತ. ನಂಬರ್ ಹಾಕಿದ ಹೆಜ್ಜೆಗಳು. ಪ್ರತಿ ಹೆಜ್ಜೆಯ ಕೊನೆಗೆ ಎರಡು ದಾರಿ: ಸರಿಯಿದ್ದರೆ ಮುಂದಿನ ಹೆಜ್ಜೆಗೆ ಹೋಗಿ, ಸರಿಯಿಲ್ಲದಿದ್ದರೆ ಅದನ್ನು ರಿಪೇರಿ ಮಾಡಿ. ಶುರುವಿನಲ್ಲೇ ಬೇರೆ ಕೋಡ್ ಇದೆಯೇ ನೋಡು ಅನ್ನುತ್ತದೆ. ಆಮೇಲೆ ಪಿಸಿವಿ ಹೋಸ್ ಸರಿಯಾಗಿ ಕೂತಿದೆಯೇ, ಹಾಳಾಗಿದೆಯೇ ನೋಡು. ಆಮೇಲೆ ಗಾಳಿ ಬರುವ ದಾರಿಯಲ್ಲಿ ಸೋರಿಕೆ ಇದೆಯೇ ನೋಡು. ದುಡ್ಡು ಖರ್ಚಾಗದ, ಕಣ್ಣಿಂದ ನೋಡುವ ಕೆಲಸಗಳು ಮೊದಲು. ಸೆನ್ಸರ್, ಇಂಜೆಕ್ಟರ್ ಎಲ್ಲ ಆಮೇಲೆ, ಅದೂ ಪರೀಕ್ಷೆ ಮಾಡಿದ ಮೇಲೆ.

ಪಿಸಿವಿ ಹೋಸ್ ಅಂದರೆ, ಎಂಜಿನ್ ಆಯಿಲ್ ಇರುವ ಜಾಗದಲ್ಲಿ ಸೇರಿಕೊಳ್ಳುವ ಆವಿಯನ್ನು ಮತ್ತೆ ಸುಡಲು ಒಳಗೆ ಎಳೆದುಕೊಳ್ಳುವ ಕೊಳವೆ. ಗಾಳಿ ಅಳೆಯುವ ಸೆನ್ಸರ್ ಆದ ಮೇಲಿನ ಜಾಗಕ್ಕೆ ಅದು ಸೇರುತ್ತದೆ. ಅದರಲ್ಲಿ ಬಿರುಕು ಬಿಟ್ಟರೆ ಲೆಕ್ಕಕ್ಕೆ ಸಿಗದ ಗಾಳಿ ಒಳಗೆ ಹೋಗುತ್ತದೆ. ನೀವು ಅಳತೆ ಮಾಡಿ ಕುಕ್ಕರಿಗೆ ನೀರು ಹಾಕಿ ಆಚೆ ಹೋದಿರಿ, ಇನ್ನೊಬ್ಬರು ಬಂದು ಹೇಳದೆ ಇನ್ನರ್ಧ ಲೋಟ ಸುರಿದರು. ಅನ್ನ ಮುದ್ದೆಯಾಗುತ್ತದೆ, ನಿಮ್ಮ ಅಳತೆಯ ಲೋಟದ ತಪ್ಪೇನೂ ಇಲ್ಲ.

ಕಾರು ಪೂರ್ತಿ ತಣ್ಣಗಾದ ಮೇಲೆ ಆ ಹೋಸನ್ನು ಹುಡುಕಿದೆ. ಮೇಲಿಂದ ನೋಡಿದರೆ ಏನೂ ಇಲ್ಲ, ಕಪ್ಪಗೆ ಚೆನ್ನಾಗಿದೆ. ಬೆರಳಿನಿಂದ ಹಿಡಿದು ಸ್ವಲ್ಪ ಬಾಗಿಸಿದೆ. ಕೆಳಗಿನ ಮಗ್ಗುಲಲ್ಲಿ, ತಿರುವಿನ ಹತ್ತಿರ, ಉಗುರಿನಷ್ಟು ಉದ್ದದ ಸೀಳು ಬಾಯಿ ಬಿಟ್ಟಿತು. ರಬ್ಬರ್ ಮೆತ್ತಗಿರಲಿಲ್ಲ, ಹಳೆ ಚಪ್ಪಲಿಯ ಹಿಮ್ಮಡಿಯ ಹಾಗೆ ಗಟ್ಟಿಯಾಗಿತ್ತು. ರೀಡರಿನಲ್ಲಿ ಇನ್ನೊಂದು ಸುಳಿವೂ ಇತ್ತು. ಫ್ಯುಯಲ್ ಟ್ರಿಮ್ ಅನ್ನುವ ಅಂಕಿ, ಅಂದರೆ ಕಂಪ್ಯೂಟರ್ ಲೆಕ್ಕಕ್ಕಿಂತ ಎಷ್ಟು ಪರ್ಸೆಂಟ್ ಹೆಚ್ಚು ಪೆಟ್ರೋಲ್ ಬಿಡುತ್ತಿದೆ ಅನ್ನುವುದು, ಗಾಡಿ ಸುಮ್ನೆ ನಿಂತು ಓಡುವಾಗ ಜಾಸ್ತಿ ಇತ್ತು, ಆಕ್ಸಿಲರೇಟರ್ ಒತ್ತಿ 2500 ಆರ್‌ಪಿಎಂಗೆ ತಂದರೆ ಇಳಿಯುತ್ತಿತ್ತು. ಗಾಳಿ ಸೋರಿಕೆಯ ಲಕ್ಷಣವೇ ಅದು. ಎಂಜಿನ್ ಕಡಿಮೆ ಗಾಳಿ ಎಳೆಯುವಾಗ ಆ ಸೀಳಿನ ಪಾಲು ದೊಡ್ಡದು, ಜಾಸ್ತಿ ಎಳೆಯುವಾಗ ಚಿಕ್ಕದು.

ಟಾರ್ಕ್ ಅಂಕಿ ಮತ್ತು ಕಪ್ಪು ಚುಕ್ಕೆ

ಮ್ಯಾನ್ಯುಯಲ್‌ನ ಚಿತ್ರಗಳಲ್ಲಿ ಬೋಲ್ಟ್‌ಗಳ ಪಕ್ಕ ಚಿಕ್ಕ ಅಂಕಿಗಳಿರುತ್ತವೆ. ಅದು ಟಾರ್ಕ್, ಅಂದರೆ ಎಷ್ಟು ಬಲ ಹಾಕಿ ಬಿಗಿಯಬೇಕು ಅನ್ನುವ ಲೆಕ್ಕ. ಒಂದೇ ಬಲವನ್ನು ಮೂರು ಅಳತೆಯಲ್ಲಿ ಬರೆದಿರುತ್ತಾರೆ. ಕ್ಯಾಮ್ರಿಯ ಚಕ್ರದ ನಟ್‌ಗೆ 103 ನ್ಯೂಟನ್ ಮೀಟರ್, ಅದೇ 76 ಫುಟ್ ಪೌಂಡ್.

ಇಲ್ಲಿ ಒಂದು ಅಪಾಯ ಇದೆ. ಚಿಕ್ಕ ಬೋಲ್ಟ್‌ಗಳಿಗೆ ಫುಟ್ ಪೌಂಡ್ ಬದಲು ಇಂಚ್ ಪೌಂಡ್ ಕೊಟ್ಟಿರುತ್ತಾರೆ. 12 ಇಂಚ್ ಪೌಂಡ್ ಸೇರಿದರೆ 1 ಫುಟ್ ಪೌಂಡ್. 89 ಇಂಚ್ ಪೌಂಡ್ ಅಂತ ಇರುವುದನ್ನು ಅವಸರದಲ್ಲಿ 89 ಫುಟ್ ಪೌಂಡ್ ಅಂತ ಓದಿ ಬಿಗಿದರೆ ಬೋಲ್ಟ್ ಮುರಿದು ಒಳಗೇ ಉಳಿಯುತ್ತದೆ. ಅದಕ್ಕೇ ನಾನು ನ್ಯೂಟನ್ ಮೀಟರ್ ಅಂಕಿ ಮಾತ್ರ ನೋಡುತ್ತೇನೆ. ಅದರಲ್ಲಿ ಈ ಗೊಂದಲ ಇಲ್ಲ.

ಕೆಲವು ಭಾಗಗಳ ಪಕ್ಕ ಕಪ್ಪು ಚುಕ್ಕೆ ಇರುತ್ತದೆ. ಬಿಚ್ಚಿದ ಮೇಲೆ ಅದನ್ನು ಮತ್ತೆ ಹಾಕಬಾರದು, ಹೊಸದು ತರಬೇಕು ಅಂತ ಅರ್ಥ. ಗ್ಯಾಸ್ಕೆಟ್, ಕೆಲವು ಕ್ಲಿಪ್, ಓ-ರಿಂಗ್ ಇಂಥವು. ಕೆಲಸ ಶುರು ಮಾಡುವ ಮೊದಲೇ ಚಿತ್ರದಲ್ಲಿ ಚುಕ್ಕೆ ಎಣಿಸಿ, ಅಷ್ಟನ್ನೂ ತಂದಿಟ್ಟುಕೊಳ್ಳಿ. ಭಾನುವಾರ ಸಂಜೆ ಎಂಜಿನ್ ಬಿಚ್ಚಿಟ್ಟು ಒಂದು ಗ್ಯಾಸ್ಕೆಟ್‌ಗಾಗಿ ಅಂಗಡಿ ಅಂಗಡಿ ಅಲೆಯುವುದು ತಪ್ಪುತ್ತದೆ.

ವೈರಿಂಗ್ ನಕ್ಷೆ

ಮೊದಲ ಸಲ ನೋಡಿದಾಗ ನೂಡಲ್ಸ್ ತಟ್ಟೆ ಥರ ಕಾಣುತ್ತದೆ. ಹೆದರಬೇಡಿ. ಮೇಲಿಂದ ಕೆಳಗೆ ಓದಿ: ಮೇಲೆ ಕರೆಂಟ್ ಬರುವ ಕಡೆ, ಬ್ಯಾಟರಿ ಮತ್ತು ಫ್ಯೂಸ್, ಕೆಳಗೆ ಅರ್ತ್, ಅಲ್ಲಿ ಮುಗಿಯುತ್ತದೆ. ನಿಮ್ಮ ಭಾಗ ನಡುವೆ ಎಲ್ಲೋ ಇರುತ್ತದೆ. ಆ ಒಂದು ದಾರಿಯ ಮೇಲೆ ಬೆರಳಿಟ್ಟು ಹೋಗಿ, ಉಳಿದದ್ದು ಬಿಟ್ಟುಬಿಡಿ.

ತಂತಿಯ ಪಕ್ಕದ ಅಕ್ಷರ ಅದರ ಬಣ್ಣ. ಬಿ ಅಂದರೆ ಕಪ್ಪು, ನೀಲಿ ಅಲ್ಲ. ನೀಲಿಗೆ ಎಲ್. ಬಿಳಿಗೆ ಡಬ್ಲ್ಯೂ, ಕೆಂಪಿಗೆ ಆರ್. ಎರಡು ಅಕ್ಷರದ ನಡುವೆ ಗೆರೆ ಇದ್ದರೆ ಮೊದಲನೆಯದು ತಂತಿಯ ಬಣ್ಣ, ಎರಡನೆಯದು ಅದರ ಮೇಲಿನ ಪಟ್ಟಿಯ ಬಣ್ಣ. ಎಲ್-ವೈ ಅಂದರೆ ನೀಲಿ ತಂತಿ, ಹಳದಿ ಪಟ್ಟಿ.

ಬುಲೆಟಿನ್ ಬೇರೆ, ರಿಕಾಲ್ ಬೇರೆ

ರಿಕಾಲ್ ಅಂದರೆ ಸುರಕ್ಷತೆಯ ದೋಷ. ಕಂಪನಿ ಪುಕ್ಕಟೆ ಸರಿ ಮಾಡಿಕೊಡಲೇಬೇಕು, ಅಮೆರಿಕದಲ್ಲಿ ಮೊದಲು ಮಾರಾಟವಾದ ದಿನದಿಂದ 15 ವರ್ಷದವರೆಗೆ. ಇದಕ್ಕೆ ಸಬ್‌ಸ್ಕ್ರಿಪ್ಷನ್ ಬೇಡವೇ ಬೇಡ. ಎನ್‌ಎಚ್‌ಟಿಎಸ್‌ಎ, ಅಂದರೆ ಅಲ್ಲಿನ ಹೆದ್ದಾರಿ ಸುರಕ್ಷತಾ ಇಲಾಖೆಯ ಸೈಟಿನಲ್ಲಿ ವಿನ್ ಹಾಕಿದರೆ ಬಾಕಿ ಇರುವ ರಿಕಾಲ್ ಪುಕ್ಕಟೆ ತೋರಿಸುತ್ತದೆ. ಹಳೆ ಕಾರು ಕೊಳ್ಳುವವರು ಇದನ್ನು ನೋಡದೆ ದುಡ್ಡು ಕೊಡಬೇಡಿ.

ಟೆಕ್ನಿಕಲ್ ಸರ್ವಿಸ್ ಬುಲೆಟಿನ್ ಅಂದರೆ ಕಂಪನಿ ತನ್ನ ಮೆಕ್ಯಾನಿಕ್‌ಗಳಿಗೆ ಬರೆದ ಪತ್ರ. "ಈ ಕಾರುಗಳಲ್ಲಿ ಇಂಥ ಸದ್ದು ಬರಬಹುದು, ಬಂದರೆ ಹೀಗೆ ಮಾಡಿ" ಅಂತ. ಅದು ಇದೆ ಅಂದ ಮಾತ್ರಕ್ಕೆ ಪುಕ್ಕಟೆ ರಿಪೇರಿ ಆಗುವುದಿಲ್ಲ, ವಾರಂಟಿ ಇದ್ದರೆ ಮಾತ್ರ. ಹಾಗಂತ ಬೆಲೆಯಿಲ್ಲದ್ದಲ್ಲ. ವಾರಂಟಿ ಒಳಗೇ ಇರುವ ಕಾರಿನ ತೊಂದರೆಗೆ ಡೀಲರ್ "ಇದು ನಾರ್ಮಲ್" ಅಂದರೆ, ಬುಲೆಟಿನ್ ನಂಬರ್ ಹೇಳಿ. ಮಾತಿನ ದಾಟಿಯೇ ಬದಲಾಗುತ್ತದೆ. ಕಂಪನಿಗಳು ಕಳಿಸುವ ಇಂಥ ಪತ್ರಗಳನ್ನು ಎನ್‌ಎಚ್‌ಟಿಎಸ್‌ಎ ತನ್ನ ಸೈಟಿನಲ್ಲೂ ಹಾಕುತ್ತದೆ, ಅಲ್ಲಿ ಮೊದಲು ನೋಡಿ.

ಇನ್ನೊಂದು. ಅಮೆರಿಕದ ಹಲವು ಪಬ್ಲಿಕ್ ಲೈಬ್ರರಿಗಳಲ್ಲಿ ಚಿಲ್ಟನ್ ಅಥವಾ ಆಲ್‌ಡೇಟಾ ಅನ್ನುವ ರಿಪೇರಿ ಮಾಹಿತಿ ಕಾರ್ಡ್ ಇದ್ದವರಿಗೆ ಪುಕ್ಕಟೆ. ಚಿಕ್ಕ ಕೆಲಸಕ್ಕೆ ಅದೇ ಸಾಕಾಗಬಹುದು.

ಎಲ್ಲಿ ಕೈ ಬಿಡಬೇಕು

ಪುಸ್ತಕ ಸಿಕ್ಕಿತು ಅಂತ ಎಲ್ಲವನ್ನೂ ಬಿಚ್ಚಲು ಹೋಗಬಾರದು. ಏರ್‌ಬ್ಯಾಗ್ ಭಾಗಕ್ಕೆ ಕೈ ಹಾಕುವ ಮೊದಲು ಬ್ಯಾಟರಿಯ ನೆಗೆಟಿವ್ ತಂತಿ ತೆಗೆದು ಕಾಯಬೇಕು ಅಂತ ಮ್ಯಾನ್ಯುಯಲ್ ಎಚ್ಚರಿಸುತ್ತದೆ, ಟೊಯೋಟದ ಎಷ್ಟೋ ಕಾರುಗಳಿಗೆ ಅದು ಕನಿಷ್ಠ 90 ಸೆಕೆಂಡ್. ತಂತಿ ತೆಗೆದ ಮೇಲೂ ಒಳಗೆ ಕರೆಂಟ್ ಉಳಿದಿರುತ್ತದೆ. ಹೈಬ್ರಿಡ್ ಕಾರಿನ ಕಿತ್ತಳೆ ಬಣ್ಣದ ದಪ್ಪ ಕೇಬಲ್‌ಗಳ ತಂಟೆಗೆ ಮನೆಯಲ್ಲಿ ಹೋಗಲೇಬೇಡಿ, ಅದರಲ್ಲಿರುವುದು ಜೀವ ತೆಗೆಯುವ ವೋಲ್ಟೇಜ್.

ಕೆಲಸವನ್ನು ನೀವೇ ಮಾಡದಿದ್ದರೂ ಈ ಸೈಟು ಉಪಯೋಗಕ್ಕೆ ಬರುತ್ತದೆ. ಪುಟ ಓದಿಕೊಂಡು ಗ್ಯಾರೇಜಿಗೆ ಹೋಗಿ, "ಪಿಸಿವಿ ಹೋಸ್ ನೋಡಿದಿರಾ? ಫ್ಯುಯಲ್ ಟ್ರಿಮ್ ಎಷ್ಟಿತ್ತು?" ಅಂತ ಮರ್ಯಾದೆಯಿಂದ ಕೇಳಿ. ಒಳ್ಳೆ ಮೆಕ್ಯಾನಿಕ್ ಖುಷಿಯಿಂದ ಉತ್ತರ ಕೊಡುತ್ತಾರೆ.

ರಿಪೇರಿ ಆದ ಮೇಲೆ

ಹೋಸ್ ಬದಲಾಯಿಸಿ ಕೋಡ್ ಅಳಿಸಿದೆ. ಲೈಟ್ ಹೋಯಿತು. ಆದರೆ ಅಂದೇ ಇನ್ಸ್‌ಪೆಕ್ಷನ್‌ಗೆ ಓಡಬಾರದು. ಕೋಡ್ ಅಳಿಸಿದಾಗ ಕಾರಿನ ಸ್ವಂತ ಪರೀಕ್ಷೆಗಳ ಫಲಿತಾಂಶವೂ ಅಳಿಸಿಹೋಗುತ್ತದೆ. ರೆಡಿನೆಸ್ ಮಾನಿಟರ್ ಅಂತಾರೆ. ಅವುಗಳಲ್ಲಿ ಹೆಚ್ಚಿನವು ಮತ್ತೆ ಪೂರ್ತಿ ಆಗುವವರೆಗೆ ಇನ್ಸ್‌ಪೆಕ್ಷನ್‌ನಲ್ಲಿ ವಾಪಸ್ ಕಳಿಸುತ್ತಾರೆ. ಹೇಗೆ ಓಡಿಸಿದರೆ ಆ ಪರೀಕ್ಷೆ ನಡೆಯುತ್ತದೆ ಅನ್ನುವುದೂ ಕೋಡ್ ಪುಟದಲ್ಲೇ, ಕನ್ಫರ್ಮೇಷನ್ ಡ್ರೈವಿಂಗ್ ಪ್ಯಾಟರ್ನ್ ಅನ್ನುವ ಕಡೆ ಇದೆ. ಒಂದು ವಾರ ಎಂದಿನಂತೆ ಆಫೀಸಿಗೆ ಓಡಾಡಿ, ಪುಟದಲ್ಲಿ ಹೇಳಿದ ಹಾಗೆ ಒಮ್ಮೆ ಓಡಿಸಿ, ರೀಡರಿನಲ್ಲಿ ಎಲ್ಲ ಹಸಿರು ಕಂಡ ಮೇಲೆ ಹೋದೆ. ಪಾಸಾಯಿತು.

ಊರಿನಲ್ಲಿರುವ ಕಾರಿಗೆ?

ಇದನ್ನು ಹೇಳಿದಾಗ ಮೈಸೂರಿನಲ್ಲಿರುವ ತಮ್ಮ ಕೇಳಿದ, "ನನ್ನ ಇನ್ನೋವಾದ್ದೂ ಅದರಲ್ಲಿ ಸಿಗುತ್ತಾ?" ಇಲ್ಲ. ಅಮೆರಿಕದ ಸೈಟಿನಲ್ಲಿ ಇರುವುದು ಅಲ್ಲಿ ಮಾರುವ ಕಾರುಗಳು. ಬಿಡದಿಯಲ್ಲಿ ತಯಾರಾಗುವ ಇನ್ನೋವಾ ಅಲ್ಲಿಲ್ಲ.

ಭಾರತದಲ್ಲಿ ಈ ವಿಷಯ ಬಂದಿದ್ದು ಬೇರೆ ದಾರಿಯಲ್ಲಿ. 2014ರ ಆಗಸ್ಟ್‌ನಲ್ಲಿ ಕಾಂಪಿಟಿಷನ್ ಕಮಿಷನ್ 14 ಕಾರ್ ಕಂಪನಿಗಳಿಗೆ ಒಟ್ಟು ಸುಮಾರು 2,545 ಕೋಟಿ ರೂಪಾಯಿ ದಂಡ ಹಾಕಿತು. ಬಿಡಿಭಾಗಗಳನ್ನೂ ರಿಪೇರಿ ಮಾಹಿತಿಯನ್ನೂ ಹೊರಗಿನ ಗ್ಯಾರೇಜುಗಳಿಗೆ ಸಿಗದ ಹಾಗೆ ಮಾಡಿದ್ದಾರೆ ಅನ್ನುವುದು ಕಾರಣ. ಕಂಪನಿಗಳು ಮೇಲ್ಮನವಿಗೆ ಹೋದವು. 2022ರ ಡಿಸೆಂಬರ್‌ನಲ್ಲಿ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ ರೈಟ್ ಟು ರಿಪೇರ್ ಪೋರ್ಟಲ್ ಶುರು ಮಾಡಿತು. ಮೊಬೈಲು, ಮನೆಯ ಉಪಕರಣ, ಕೃಷಿ ಯಂತ್ರಗಳ ಜೊತೆ ವಾಹನಗಳಿಗೂ ಅದರಲ್ಲಿ ಜಾಗ ಇದೆ. ವಾರಂಟಿ, ಮ್ಯಾನ್ಯುಯಲ್, ಸರ್ವಿಸ್ ಸೆಂಟರ್ ವಿವರಗಳಿಗೆ ಅಲ್ಲಿಂದ ಕೊಂಡಿಗಳಿವೆ. ಅಮೆರಿಕದ ಟಿಐಎಸ್‌ನಂತೆ ಹೆಜ್ಜೆ ಹೆಜ್ಜೆಯಾಗಿ ಪರೀಕ್ಷೆ ಹೇಳುವ ಜಾಗ ಅದಲ್ಲ.

ಆದರೂ ಇಲ್ಲಿ ಹೇಳಿದ ಅರ್ಧ ಕೆಲಸ ಊರಿನಲ್ಲೂ ಆಗುತ್ತದೆ. ವಿನ್ ಅಂದರೆ ನಮ್ಮ ಆರ್‌ಸಿಯಲ್ಲಿರುವ ಚಾಸಿಸ್ ನಂಬರ್. ಓಬಿಡಿ ರೀಡರ್ ಅಲ್ಲೂ ಸಿಗುತ್ತದೆ, ಪಿ0171 ಅಂದರೆ ಅಲ್ಲೂ ಅದೇ ಅರ್ಥ. ತಮ್ಮನಿಗೆ ಹೇಳಿದ್ದು ಇಷ್ಟು: ಸರ್ವಿಸ್ ಸೆಂಟರಿಗೆ ಗಾಡಿ ಬಿಡುವಾಗ ಜಾಬ್ ಕಾರ್ಡ್‌ನಲ್ಲಿ "ಚೆಕ್ ಎಂಜಿನ್ ಲೈಟ್" ಅಂತ ಮಾತ್ರ ಬರೆಸಬೇಡ, ಕೋಡ್ ನಂಬರ್ ಬರೆಸು. ಯಾವುದಾದರೂ ಭಾಗ ಬದಲಾಯಿಸಬೇಕು ಅಂದರೆ, ಯಾವ ಪರೀಕ್ಷೆಯಲ್ಲಿ ಅದು ಕೆಟ್ಟಿದೆ ಅಂತ ಗೊತ್ತಾಯ್ತು ಅನ್ನುವುದನ್ನೂ ಅದೇ ಕಾರ್ಡ್‌ನಲ್ಲಿ ಬರೆಸು, ತೆಗೆದ ಹಳೇ ಭಾಗವನ್ನು ಕೇಳಿ ತೆಗೆದುಕೊಂಡು ಬಾ.